ಯಾರು ಏನು ಕೇಳಿದರೂ ಕನ್ನಡದಲ್ಲೇ ಉತ್ತರ

ಈಚೆಗೆ ನಮ್ಮ ಕಡೆಯ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ಕನ್ನಡ ಅಧ್ಯಾಪಕಿ ಮನೆಗೆ ಬಂದಿದ್ದಳು. ಭಾಷಾ ಶಿಕ್ಷಣದ ಪರವಾಗಿ ಊರೂರಿಗೆ ಹೋಗಿ ಮಾತಾಡಲು ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದಾರಂತೆ. "ಮೇಡಂ, ಆ ಕಾಲದಾಗ ನೀವು ಬಾಳ ಚೊಲೋ ಮಾಡಿದ್ರಂತ. ಹೆಂಗ ಮಾಡಿದ್ರಿ, ನಮಗೂ ಸ್ವಲ್ಪ ಹೇಳ್ರಿ" ಎಂದಳು. ಚಹಾ ಕೊಟ್ಟೆ, ಅದೂ ಇದೂ ಮಾತಾಡಿದೆ, ಆ ವಿಷಯ ಮಾತ್ರ ಎತ್ತಲಿಲ್ಲ. ಬಾಳ ಚೊಲೋ ಮಾಡಿದೆ ಎಂದು ಅವಳಿಗೆ ಯಾರು ಹೇಳಿದರೋ, ಅವರು ಆಗ ನಮ್ಮ ಜೊತೆ ಇರಲಿಲ್ಲ ಎನ್ನುವುದಂತೂ ಖಂಡಿತ.

ಅವಳು ಹೋದ ಮೇಲೆ ಸಮಾಧಾನವಾಗಲಿಲ್ಲ. ಪಾಪ, ಕಲಿಯಬೇಕೆಂದು ಬಂದವಳು. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಕೊಡೋಣ ಎಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಅವಳಿಗೆ ಆಗಬೇಕಾದ್ದೇನೂ ಇಲ್ಲ. ಎಲ್ಲಿ ಎಡವಿದೆ ಎಂಬುದನ್ನಷ್ಟೇ ಬರೆಯುತ್ತೇನೆ. ನಾನು ಕೆಲಸ ಮಾಡಿದ ಕಾಲೇಜಿನ ಹೆಸರು ಬೇಡ. ಅಲ್ಲಿದ್ದವರೆಲ್ಲ ಈಗಲೂ ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಪಕ್ಕದಲ್ಲೇ ಸಿಗುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಮಣೆ ಹಾಕಬೇಕು, ಮಗು ಮನೆಮಾತಿನಲ್ಲೇ ಕಲಿಯಬೇಕು ಎಂದು ಎಲ್ಲೆಡೆ ಮಾತು ಶುರುವಾಗಿತ್ತು. ನಮ್ಮ ಪ್ರಾಂಶುಪಾಲರು ಒಂದು ದಿನ ನನ್ನನ್ನು ಕರೆದು, "ಮೇಡಂ, ನಮ್ಮ ಹುಡುಗರೂ ಹಳ್ಳಿಗಳಿಗೆ ಹೋಗಿ ಮಾತಾಡಲಿ. ನೀವು ತಯಾರಿ ಮಾಡಿಸಿ" ಎಂದರು. ನನಗೆ ಆಗ ಮೂವತ್ತೂ ತುಂಬಿರಲಿಲ್ಲ. ಕೊಟ್ಟೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು ಅವ್ವನ ಜೊತೆ ಇದ್ದೆ. ಭಾಷಣ ಬರೆಯುವುದೆಂದರೆ ನನಗೆ ಬಲು ಹುರುಪು. ಒಂದೇ ಸಲ ಕೂತು ಬರೆದು ಮುಗಿಸಿದೆ. "ಮಾತೃಭಾಷೆಯು ಮಾನವನ ಅಂತರಂಗದ ಅಭಿವ್ಯಕ್ತಿಗೆ ಅನರ್ಘ್ಯವಾದ ಸಾಧನವಾಗಿದೆ" ಎಂಬಲ್ಲಿಂದ ಅದರ ಆರಂಭ.

ಅದನ್ನು ಬಾಯಿಪಾಠ ಮಾಡಿದವನು ಬಸವರಾಜ. ಕೂಡ್ಲಿಗಿ ಕಡೆಯ ಹುಡುಗ, ಗಂಟಲು ದೊಡ್ಡದು, ಭಂಡ ಧೈರ್ಯ. ಕೂಡ್ಲಿಗಿಯ ಸಂತೆಯಲ್ಲಿ ಒಂದು ಕಟ್ಟೆ ಹತ್ತಿಸಿ ನಿಲ್ಲಿಸಿದೆವು. ಹುಡುಗ ಎಲ್ಲೂ ತಡವರಿಸಲಿಲ್ಲ. ನಾನು ಕೆಳಗೆ ನಿಂತು ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದೆ. ಮುಗಿದ ಮೇಲೆ ಎದುರಿಗೆ ಉಳ್ಳಾಗಡ್ಡಿ ಹರಡಿಕೊಂಡು ಕೂತಿದ್ದ ಒಬ್ಬ ಅಜ್ಜಿ ಕೈ ಹಣೆಗೆ ಹಚ್ಚಿ ಅವನನ್ನು ನೋಡಿ, "ಚೊಲೋ ಹೇಳ್ದಿ ನೋಡಪಾ ತಮ್ಮಾ. ಈಗ ಅದನ್ನ ಕನ್ನಡದಾಗ ಹೇಳು" ಎಂದಳು.

ಸಂತೆಗೆ ಸಂತೆಯೇ ನಕ್ಕಿತು. ಬಸವರಾಜನೂ ನಕ್ಕುಬಿಟ್ಟ, ಅವನಿಗೆ ನಾಚಿಕೆ ಎಂಬುದು ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಮಾತ್ರ ಕೊಳ್ಳಬೇಕಿಲ್ಲದ ಮೆಣಸಿನಕಾಯಿ ಆರಿಸುತ್ತ ಬೆನ್ನು ತಿರುಗಿಸಿ ನಿಂತೆ.

ಅಂದಿನಿಂದ ಬರೆದು ಕೊಡುವುದನ್ನು ಬಿಟ್ಟೆ. ನನ್ನ ಅವ್ವನನ್ನೇ ಪರೀಕ್ಷಕಿ ಮಾಡಿದೆ. ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ ಹುಡುಗರು ಒಬ್ಬೊಬ್ಬರಾಗಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಅವಳಿಗೆ ಹೇಳಬೇಕು: ಮೊಮ್ಮಗನನ್ನು ಯಾಕೆ ಶಾಲೆಗೆ ಕಳಿಸಬೇಕು, ಯಾಕೆ ಅವನು ಮನೆಯ ಮಾತಿನಲ್ಲೇ ಮೊದಲು ಕಲಿಯಬೇಕು ಎಂದು. ಅವ್ವ ಬಡಿಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರೆ ಪಾಸು. ತಟಪಟ ನಡೆದೇ ಇದ್ದರೆ ಮತ್ತೆ ನಾಳೆ. ಕೊಟ್ಟ ಪುಸ್ತಕವನ್ನೆಲ್ಲ ಓದಿದವರು ಅಲ್ಲಿ ಫೇಲಾದರು. ಈಗಿನವರೂ ಮಾಡಿ ನೋಡಬಹುದು, ಖರ್ಚಿಲ್ಲದ ವಿಧಾನ.

ಆ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಗೆದ್ದವಳು ಸೀತಾಬಾಯಿ. ಹಡಗಲಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಿಂದ ಬಂದ ಹುಡುಗಿ. ಅಪ್ಪ ಇಲ್ಲ, ತಾಯಿ ಕೂಲಿ ಮಾಡಿ ಓದಿಸುತ್ತಿದ್ದಳು. ಮೆತ್ತಗೆ ಶುರು ಮಾಡುತ್ತಿದ್ದಳು, ಎದುರಿನವರ ಕಣ್ಣಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅವಳ ಮಾತು ಕೇಳುತ್ತ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನೇ ಮರೆತಳು, ಅದು ಕರಕಾಯಿತು. "ಯಾರ ಪೈಕಿ ಇದು?" ಎಂದು ನನ್ನನ್ನು ಕೇಳಿದಳು. "ತಾಂಡಾದ ಹುಡುಗಿ ಅವ್ವಾ" ಎಂದೆ. "ಗೊತ್ತ ಆಗಂಗಿಲ್ಲಲ್ಲ!" ಎಂದು ಅವ್ವ ಬೆರಗಾದಳು.

ನಾನು ಹಿಗ್ಗಿದೆ. ಹುಡುಗಿಯ ಬೆನ್ನು ತಟ್ಟಿ, "ಕೇಳಿದೆಯಾ? ನಿನ್ನ ಮಾತು ಕೇಳಿದರೆ ನೀನು ತಾಂಡಾದವಳು ಅಂತ ದೇವರಿಗೂ ತಿಳಿಯಲ್ಲ" ಎಂದೆ. ಹೊಗಳಿಕೆ ಎಂದೇ ಹೇಳಿದ್ದು. ಅವಳು ತಲೆ ತಗ್ಗಿಸಿ ಸಣ್ಣಗೆ ನಕ್ಕಳು. ಆ ಮಾತು ಈಗ ನೆನಪಾದರೆ ಊಟದ ನಡುವೆಯೂ ತುತ್ತು ಕೈಯಲ್ಲೇ ಉಳಿಯುತ್ತದೆ.

ಶಿಕ್ಷಣ ಇಲಾಖೆಯ ಒಬ್ಬ ಮೇಲಧಿಕಾರಿಯ ವಿಷಯಕ್ಕೆ ಬರುತ್ತೇನೆ. ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರ ಹುದ್ದೆ ಬಹಳ ದಿನದಿಂದ ಖಾಲಿ ಇತ್ತು. ಡ್ರಿಲ್ ಮೇಷ್ಟ್ರು ಬಿಡುವಾದಾಗ ಪದ್ಯ ಓದಿಸುತ್ತಿದ್ದರು. ಪಂಡಿತರನ್ನು ಕೊಡಿ ಎಂದು ಕೇಳಲು ಬಸವರಾಜ, ಸೀತಾಬಾಯಿ ಮೊದಲಾದವರನ್ನು ಕರೆದುಕೊಂಡು ಆ ಸಾಹೇಬರ ಕಚೇರಿಗೆ ಹೋದೆ. ಒಳ್ಳೆಯ ಮನುಷ್ಯ, ಕೂಡ್ರಿಸಿದರು, ನೀರು ತರಿಸಿದರು. ಆಮೇಲೆ ಇಂಗ್ಲಿಷಿನಲ್ಲಿ ಶುರು ಮಾಡಿದರು. ಯಾಕೆ ಬಂದಿರಿ, ಯಾರು ಕಳಿಸಿದರು, ಸಂಬಳ ಎಲ್ಲಿಂದ ಕೊಡಬೇಕು. ಅವ್ವನ ರೊಟ್ಟಿ ನಿಲ್ಲಿಸಿದ ಹುಡುಗರು ಬಾಯಿ ಕಟ್ಟಿದವರಂತೆ ಕೂತರು. ಅವರನ್ನು ಪಾರು ಮಾಡೋಣವೆಂದು ನಾನು ಎದ್ದೆ. ಎದ್ದವಳು ಏನು ಮಾಡಿದೆ? ಕನ್ನಡದ ಅಗತ್ಯವನ್ನು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ವಿವರಿಸಿದೆ. ಸಾಹೇಬರು ನನ್ನ ಇಂಗ್ಲಿಷನ್ನು ಮೆಚ್ಚಿಕೊಂಡರು.

ವಾಪಸ್ಸು ಬಸ್ಸಿನಲ್ಲಿ ಬಸವರಾಜ ಹಿಂದಿನ ಸೀಟಿನಿಂದ ಬಗ್ಗಿ, "ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾವು ಹೋಗಿದ್ದು ಕನ್ನಡ ಮಾಸ್ತರನ್ನ ಕೇಳಾಕ ಹೌದಲ್ರೀ?" ಎಂದ. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಎಂದು ನನಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮರುದಿನ ಅಭ್ಯಾಸಕ್ಕೆ ಸೇರಿದಾಗ ನಿಯಮ ಒಂದನ್ನು ಮಾಡಿದೆ. ಎದುರಿನವರು ಯಾರೇ ಆಗಿರಲಿ, ಯಾವ ಭಾಷೆಯಲ್ಲಿ ಏನೇ ಕೇಳಲಿ, ನಾವು ಉತ್ತರ ಕೊಡುವುದು ಕನ್ನಡದಲ್ಲೇ. ನನ್ನನ್ನೂ ಸೇರಿಸಿ. ಬೇರೆ ಭಾಷೆಯಲ್ಲಿ ಬಾಯಿ ಬಿಟ್ಟವರು ಗುಂಪಿನಿಂದ ಹೊರಗೆ. ಹುಡುಗರು ಒಪ್ಪಿದರು. ನಾನಂತೂ ದೊಡ್ಡ ಪ್ರಾಯಶ್ಚಿತ್ತ ಮಾಡಿಕೊಂಡಂತೆ ಬೀಗಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ಕೋಗಳಿಯ ಕಡೆಯ ಹಳ್ಳಿಗಳಲ್ಲಿ ತಿರುಗುವಾಗ ಇನ್ನೊಂದು ಪಾಠ ಸಿಕ್ಕಿತು. ನಾವು ಮಾತಾಡುವಾಗ ಜನ "ಹೌದ್ರಿ, ಖರೇ ಐತ್ರಿ" ಎನ್ನುತ್ತಿದ್ದರು, ನಾವು ಊರು ಬಿಟ್ಟ ಮೇಲೆ ಏನೂ ಆಗುತ್ತಿರಲಿಲ್ಲ. ಆಗ ಬಸವರಾಜನೇ ಒಂದು ದಾರಿ ಹೇಳಿದ. "ಮೇಡಂ, ಸಹಿ ಗಿಹಿ ಬ್ಯಾಡ್ರಿ. ಎಲಿ ಅಡಿಕಿ ಕೊಡೋಣ. ಹಿರೇರು ಎಲಿ ಹಿಡದ್ರ ಮಾತು ಕೊಟ್ಟಂಗ. ಆಮ್ಯಾಲ ತಪ್ಪಂಗಿಲ್ಲ." ನಮ್ಮಲ್ಲಿ ಹೆಣ್ಣು ಗೊತ್ತು ಮಾಡುವುದೂ, ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಡುವುದೂ ಹಾಗೆಯೇ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಸಭೆಯ ಕೊನೆಗೆ ಹಿರಿಯರ ಮುಂದೆ ಹಿಡಿಯತೊಡಗಿದೆವು. ಎಲೆ ತೆಗೆದುಕೊಂಡವರು ಮಕ್ಕಳನ್ನು ನಿಜಕ್ಕೂ ಶಾಲೆಗೆ ಕಳಿಸಿದರು. ನಮ್ಮ ಹೆಸರು ಸುತ್ತಲ ಊರುಗಳಲ್ಲಿ ಓಡಾಡಿತು.

ಅದೇ ಸಾಹೇಬರ ಕಿವಿಗೂ ಬಿತ್ತು. ಒಂದು ದಿನ ಸಿಕ್ಕಾಗ ಹೇಳಿದರು, "ಇಷ್ಟೆಲ್ಲ ಮಾಡ್ತೀರಂತಲ್ಲ, ಇಲ್ಲೇ ನಮ್ಮ ಕಡೆಯ ಅರಸೀಕೆರೆ ಆಚೆ ಒಂದು ತಾಂಡಾ ಇದೆ. ಶಾಲೆ ಇದೆ, ಮೇಷ್ಟ್ರಿದ್ದಾರೆ, ಮಕ್ಕಳೇ ಬರಲ್ಲ. ದೀಪಾವಳಿ ಕಳೆದ ಮೇಲೆ ನಾನೇ ನೋಡೋಕೆ ಹೋಗ್ತೀನಿ. ಆಗಲೂ ಹೀಗೇ ಇದ್ದರೆ ಆ ಹುದ್ದೆಯನ್ನ ಬೇರೆ ಊರಿಗೆ ಕೊಡೋದು. ಶಾಲೆ ಮುಚ್ಚಿದ ಹಾಗೇ." ನಾನು ಹಿಂದುಮುಂದು ನೋಡದೆ, "ನಾವು ಕರೆತರುತ್ತೇವೆ ಸಾರ್" ಎಂದುಬಿಟ್ಟೆ. ಕನ್ನಡದಲ್ಲೇ ಹೇಳಿದೆ ಎಂಬುದಷ್ಟೇ ನನ್ನ ಹೆಮ್ಮೆ.

ತಾಂಡಾಕ್ಕೆ ಹೋದ ದಿನ ಮೊದಲು ಮೇಷ್ಟ್ರನ್ನು ಕಂಡೆವು. ದಾವಣಗೆರೆ ಕಡೆಯ ಸಾಧು ಮನುಷ್ಯ. "ಮಕ್ಕಳು ಬರ್ತಾವೆ ಮೇಡಂ, ಎರಡು ದಿನ ಕೂರ್ತಾವೆ. ನಾನು ಹೇಳೋದು ಅವಕ್ಕೆ ತಿಳಿಯಲ್ಲ, ಅವು ಹೇಳೋದು ನನಗೆ ತಿಳಿಯಲ್ಲ. ಮೂರನೇ ದಿನ ಕುರಿ ಹಿಂದೆ ಹೋಗ್ತಾವೆ" ಎಂದರು. ಇಷ್ಟು ಸ್ಪಷ್ಟವಾಗಿ ಅವರು ಹೇಳಿದ್ದನ್ನು ನಾನು ಕೇಳಿಯೂ ಕೇಳಲಿಲ್ಲ. ಸಭೆಗೆ ಚಾಪೆ ಹಾಸಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದೆ. ಲಂಬಾಣಿ ಮಾತು ಬಲ್ಲವಳೊಬ್ಬಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅದು ಈ ಕೆಲಸಕ್ಕೆ ಉಪಯೋಗಕ್ಕೆ ಬರುವ ಸಂಗತಿ ಎಂದು ನನಗೆ ಹೊಳೆಯಲೇ ಇಲ್ಲ. ಸೀತಾಬಾಯಿಯನ್ನು ಕರೆದೊಯ್ದದ್ದು ಅವಳ ಕನ್ನಡಕ್ಕಾಗಿ.

ಬೇವಿನ ಮರದ ಕೆಳಗೆ ಜನ ಕೂಡಿದರು. ಸೀತಾಬಾಯಿ ಅದ್ಭುತವಾಗಿ ಮಾತಾಡಿದಳು. ಮಗು ತಾಯಿಯ ಮಾತಿನಲ್ಲಿ ಕಲಿತರೆ ಎಷ್ಟು ಬೇಗ ಕಲಿಯುತ್ತದೆ, ಗೊತ್ತಿಲ್ಲದ ಮಾತಿನಲ್ಲಿ ಹೇಳಿದರೆ ಅದರ ತಲೆಯೊಳಗೆ ಹೇಗೆ ಏನೂ ಇಳಿಯುವುದಿಲ್ಲ ಎಂದೆಲ್ಲ ಹೇಳಿದಳು. ಕನ್ನಡದಲ್ಲಿ. ಹೆಂಗಸರು ಸುಮ್ಮನೆ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಮುಗಿಯುವ ಹೊತ್ತಿಗೆ, ಕನ್ನಡಿ ಬಿಲ್ಲೆಗಳ ಉಡುಪಿನ, ತೋಳು ತುಂಬ ಬಳೆಗಳ ಒಬ್ಬ ಮುದುಕಿ ಎದ್ದು ಬಂದು ಅವಳ ಗದ್ದ ಹಿಡಿದು, ಅವರ ಮಾತಿನಲ್ಲಿ ಏನೋ ಕೇಳಿದಳು.

ಸೀತಾಬಾಯಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಏನೂ ಸನ್ನೆ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಅವಳು ಮುದುಕಿಗೆ ಕೈ ಮುಗಿದು, "ನಾವು ಕೊಟ್ಟೂರಿನಿಂದ ಬಂದಿದ್ದೇವೆ ಅಮ್ಮಾ. ನಿಮ್ಮ ಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡಲು ಬಂದಿದ್ದೇವೆ" ಎಂದಳು.

ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ತನ್ನ ಜಾಗದಲ್ಲಿ ಕೂತಳು. ಬಸವರಾಜ ಎಲೆ ಅಡಿಕೆಯ ತಟ್ಟೆ ಹಿಡಿದು ಹೊರಟ. ಮೊದಲು ತಾಂಡಾದ ನಾಯಕನ ಮುಂದೆ ಹಿಡಿದ. ನಾಯಕ ತಟ್ಟೆಯನ್ನು ನೋಡಿದ, ಕೈ ಚಾಚಲಿಲ್ಲ. ಅವನು ಮುಟ್ಟದ್ದನ್ನು ಇನ್ನಾರು ಮುಟ್ಟುತ್ತಾರೆ? ತಟ್ಟೆ ಒಂದು ಸುತ್ತು ಹೋಗಿ ಹಾಗೇ ತುಂಬಿಕೊಂಡು ನನ್ನ ಮುಂದೆ ಬಂತು. ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಬೈದು ಕಳಿಸಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ನಾಯಕ ಬೈಯಲಿಲ್ಲ. "ಅಮ್ಮಾರೆ, ಈ ಹುಡುಗಿ ನಮ್ಮಾಕಿ. ಮುಖ ನೋಡಿದ್ರ ನಮಗ ತಿಳೀತೈತಿ. ಓದಿದ ಮ್ಯಾಲ ಆಕಿ ನಮ್ಮ ಮುದುಕಿಗೆ ನಮ್ಮ ಮಾತಿನಾಗ ಒಂದು ಹ್ಞೂಂ ಸೈತ ಅನ್ನಲಿಲ್ಲ. ನಮ್ಮ ಹುಡುಗ್ರನ್ನ ಕಳಸಿದ್ರ ಅವೂ ಹಿಂಗ ಆಗ್ತಾವ ಹೌದಲ್ಲ?" ಎಂದ. ನಾನು ಉತ್ತರ ಹುಡುಕಿದೆ. ಎದುರಾಳಿಯ ಪ್ರಶ್ನೆಗೆ ಪ್ರಶ್ನೆಯಲ್ಲೇ ಉತ್ತರ ಕೊಡುವುದು ಹೇಗೆ ಎಂದು ವರ್ಷಗಟ್ಟಲೆ ಕಲಿಸಿದವಳು ನಾನು. ಎಲೆಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದೆವು.

ಬಸ್ ನಿಲ್ದಾಣದಲ್ಲಿ ಪ್ರತಿ ಸಲ ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು ನಮ್ಮ ವಾಡಿಕೆ. ಅಂದು ಯಾರೂ ಆ ಕಡೆ ಹೋಗಲಿಲ್ಲ. ಸೀತಾಬಾಯಿ ಎಲ್ಲರಿಗಿಂತ ದೂರದಲ್ಲಿ ನಿಂತಿದ್ದಳು. ಅವಳ ಮನಸ್ಸಿನಲ್ಲೇನಿದೆ ಎಂದು ಕೇಳುವ ಬದಲು, "ನೀನೇನೂ ತಪ್ಪು ಮಾಡಿಲ್ಲ, ಭಾಷಣ ಚೆನ್ನಾಗಿತ್ತು" ಎಂದೆ. ಅಂಥ ಹೊತ್ತಿನಲ್ಲೂ ನನಗೆ ಭಾಷಣವೇ ಕಂಡಿತ್ತು.

ಮುಂದಿನ ವಾರವೆಲ್ಲ ಅವಳು ಅಭ್ಯಾಸಕ್ಕೆ ಬರಲಿಲ್ಲ. ಬಳ್ಳಾರಿಯ ಚರ್ಚಾ ಸ್ಪರ್ಧೆಗೆ ಅವಳ ಹೆಸರು ಕೊಟ್ಟಿದ್ದೆ. ರೇಗಿಕೊಂಡು ಅವಳಿದ್ದ ಬಾಡಿಗೆ ಕೋಣೆಗೇ ಹೋದೆ. ಊರಿನಿಂದ ಅವಳ ತಾಯಿ ಬಂದು ಹೊಸ್ತಿಲ ಹೊರಗೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಎಳೆದುಕೊಂಡಳು. ನಾನು ಅವಳಿಗೊಂದು ನಮಸ್ಕಾರವನ್ನೂ ಸರಿಯಾಗಿ ಮಾಡದೆ ಒಳಗೆ ಹೋಗಿ, "ಏನು ಸೀತಾ, ಇಷ್ಟಕ್ಕೆಲ್ಲ ಮನೆ ಹಿಡಿದು ಕೂಡ್ರತಾರಾ?" ಎಂದೆ.

"ಮೇಡಂ, ಆ ಮುದುಕಿ ನನ್ನ ಏನು ಕೇಳಿದ್ಲು ಅಂತ ನೀವು ಕೇಳಲೇ ಇಲ್ಲ" ಎಂದಳು.

ನಿಜ. ನಾನು ಕೇಳಿರಲಿಲ್ಲ.

"ಯಾವ ತಾಂಡೇದಾಕಿ ನೀನು, ಹೊಟ್ಟಿಗೆ ಏನರ ಉಂಡೀಯೇನು ಮಗಳೇ, ಅಂತ ಕೇಳಿದ್ಲು. ಅದಕ್ಕ ನಾನು ಶಿಕ್ಷಣದ ಬಗ್ಗೆ ಮಾತಾಡಾಕ ಬಂದೀವಿ ಅಂದೆ. ನೀವು ಹೇಳಿದಂಗ ಮಾಡಿದ್ನಿ ಮೇಡಂ. ಯಾರು ಏನು ಕೇಳಿದ್ರೂ ಕನ್ನಡದಾಗ ಹೇಳು ಅಂದಿದ್ರಲ್ಲ."

ಅದು ದೂರಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ದೂರಿದ್ದರೆ ನಾನಾದರೂ ಒಂದು ಸಮರ್ಥನೆ ಹುಡುಕಿಕೊಳ್ಳುತ್ತಿದ್ದೆ. ಆ ಪುಟ್ಟ ಕೋಣೆಯಲ್ಲಿ ನನಗೆ ಎಲ್ಲಿ ಕೂಡಬೇಕೆಂದು ತಿಳಿಯಲಿಲ್ಲ. ಹೊರಗಿದ್ದ ತಾಯಿಯನ್ನು ತೋರಿಸಿ ಅವಳೇ ಮುಂದುವರಿಸಿದಳು. "ನಾನು ಇಷ್ಟು ಊರಾಗ ಮಾತಾಡೀನಿ. ನಮ್ಮವ್ವಗ ನನ್ನ ಒಂದು ಭಾಷಣಾನೂ ಪೂರ್ತಿ ತಿಳಿದಿಲ್ಲ ಮೇಡಂ. ನಿನ್ನ ಮಗಳು ಏನಂತಾಳ ಅಂತ ಮಂದಿ ಕೇಳಿದ್ರ, ಏನೋ ಚೊಲೋದ ಅಂತಾಳಂತ ಹೇಳ್ತಾಳ. ನಾನು ಆ ತಾಂಡಾಕ್ಕ ಮತ್ತ ಹೋಗ್ತೀನ್ರಿ. ಅವ್ವನ್ನ ಕರಕೊಂಡು ಹೋಗ್ತೀನಿ. ನೀವು ಬರೋದು ಬ್ಯಾಡ."

ಕೆಲವು ದಿನ ಅಲ್ಲೇ ಇದ್ದು ಮಕ್ಕಳ ಜೊತೆ ಶಾಲೆಯಲ್ಲಿ ಕೂಡಬೇಕೆಂಬುದು ಅವಳ ಯೋಚನೆ. ಅದಕ್ಕೆ ರಜೆ ಬೇಕಿತ್ತು. ನಾನೇ ಪ್ರಾಂಶುಪಾಲರ ಹತ್ತಿರ ಹೋದೆ, ಅವಳು ಬಾಗಿಲಲ್ಲಿ ನಿಂತಿದ್ದಳು. ಕೇಳಿದ ಕೂಡಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ಮೇಡಂ, ಕನ್ನಡಕ್ಕಾಗಿ ಹೋದವರು ಲಂಬಾಣಿ ಕಲಿಸಿ ಬರ್ತೀರಾ? ನಾಳೆ ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಸ್ಪರ್ಧೆ ಬೇರೆ ಇದೆ." ನಾನು "ಇಲ್ಲ ಸಾರ್... ಅದು..." ಎಂದೆ. ಅಷ್ಟೇ. ಎಂಥ ಮೊದ್ದು ಹುಡುಗನಿಗೂ ವಾದ ಮಾಡುವುದನ್ನು ಕಲಿಸುತ್ತೇನೆ ಎನ್ನುತ್ತಿದ್ದ ನನಗೆ ಒಂದು ಪೂರ್ತಿ ವಾಕ್ಯ ಹೊರಡಲಿಲ್ಲ. ಅವರು ಮೇಲಿನವರು, ನನ್ನ ವರದಿ ಬರೆಯುವವರು. ಹೆದರಿದ್ದೆ ಎಂದು ಹೇಳಲು ಈಗ ನಾಚಿಕೆಯಾದರೂ ನಡೆದದ್ದು ಅದೇ.

ಆಗ ಬಾಗಿಲಿನಿಂದ ಸೀತಾಬಾಯಿ ಒಳಗೆ ಬಂದಳು. "ಸರ್, ನಾನು ಒಂದನೇತ್ತಿಗೆ ಹೋದ ದಿನ ಮಾಸ್ತರು ಕೂಡ್ರು ಅಂದ್ರು. ನಾನು ನಿಂತ ಇದ್ದೆ. ಮತ್ತೊಮ್ಮಿ ಅಂದ್ರು, ಆಗೂ ನಿಂತ ಇದ್ದೆ. ಸೊಕ್ಕು ಅಂತ ಹೊಡದ್ರು. ಕೂಡ್ರು ಅಂದ್ರ ಏನಂತ ನನಗ ಗೊತ್ತಿದ್ದಿಲ್ಲ ಸರ್. ಯಾರರ ಒಬ್ರು ನಮ್ಮ ಮಾತಿನಾಗ ಹೇಳಿದ್ರ ಕುಂದ್ರತಿದ್ದೆ. ಆ ಹುಡುಗ್ರಿಗೆ ನಾನು ಅಷ್ಟು ಹೇಳಿ ಬರ್ತೀನ್ರಿ. ಆಮ್ಯಾಲ ಅವು ಕನ್ನಡಾನ ಕಲೀತಾವ."

ಪ್ರಾಂಶುಪಾಲರು ಕನ್ನಡಕವನ್ನು ಒರೆಸಿದರು, ಹಾಕಿಕೊಂಡರು. "ಹಾಜರಿ ಕಡಿಮೆ ಬಿದ್ದರೆ ನನ್ನ ಹತ್ತಿರ ಅಳಬಾರದು" ಎಂದರು. ಅದೇ ಅವರ ಒಪ್ಪಿಗೆ. ಅಷ್ಟು ದಿನ ನಾನು ತಯಾರು ಮಾಡಿದ ಯಾವ ಭಾಷಣದಲ್ಲೂ ಈ ಮಾತು ಇರಲಿಲ್ಲ. ಅವಳ ಒಳಗೆ ಮೊದಲಿನಿಂದಲೂ ಇದ್ದ ಮಾತು ಅದು. ನಾನು ಕೇಳಿರಲಿಲ್ಲವಾದ್ದರಿಂದ ಅವಳು ಹೇಳಿರಲಿಲ್ಲ.

ಅಲ್ಲಿ ಏನಾಯಿತೆಂದು ಆಮೇಲೆ ಅವಳ ತಾಯಿ ನನಗೆ ಹೇಳಿದಳು. ಅವಳ ಕನ್ನಡ ಒಂದಿಷ್ಟು ತಡವರಿಸುತ್ತಿತ್ತು, ನಾನು ಇದ್ದಷ್ಟು ಹೊತ್ತು ಅವಳು ಕಷ್ಟಪಟ್ಟು ನನ್ನ ಭಾಷೆಯಲ್ಲೇ ಮಾತಾಡಿದಳು. ಸೀತಾಬಾಯಿ ಬಸ್ಸಿಳಿದು ನಾಯಕನ ಮನೆಗೆ ಹೋಗಲಿಲ್ಲವಂತೆ, ಶಾಲೆಗೂ ಹೋಗಲಿಲ್ಲವಂತೆ. ನೆಟ್ಟಗೆ ಆ ಮುದುಕಿಯ ಗುಡಿಸಲಿನ ಮುಂದೆ ನಿಂತಳು. ಮುದುಕಿ ಬೇಕಂತಲೇ ಮುಖ ತಿರುಗಿಸಿದಳು. ಸೀತಾಬಾಯಿ ತನ್ನ ಮಾತಿನಲ್ಲಿ ಒಂದೇ ಒಂದು ಮಾತು ಹೇಳಿದಳು. "ಉಂಡಿಲ್ಲ ಅಜ್ಜಿ."

"ಮುದುಕಿ ನಕ್ಕಳ್ರಿ ಅಮ್ಮಾರೆ" ಎಂದಳು ತಾಯಿ. "ನಗತಾ ನಗತಾ ಅತ್ತಳು. ರೊಟ್ಟಿ ಹಚ್ಚಿ ಕೊಟ್ಟಳು, ಖಾರ ಹಾಕಿ. ಮತ್ತ ತಾಂಡಾದ ಹೆಂಗಸರೆಲ್ಲ ಬಂದು ಕುಂತ್ರು. ನಮ್ಮ ಸೀತಾ ಅವತ್ತು ಮಾತಾಡಿದ್ದು ನನಗ ಎಲ್ಲಾ ತಿಳೀತ್ರಿ."

ಮಕ್ಕಳು ಬಂದವು. ಸೀತಾಬಾಯಿ ಮೇಷ್ಟ್ರ ಪಕ್ಕದಲ್ಲೇ ಕೂತಳು. ಅವರು ಕನ್ನಡದಲ್ಲಿ ಹೇಳಿದ್ದನ್ನು ಅವಳು ತಮ್ಮ ಮಾತಿಗೆ ತಿರುಗಿಸುವುದು, ಮಕ್ಕಳು ಅಂದದ್ದನ್ನು ಮೇಷ್ಟ್ರಿಗೆ ಮುಟ್ಟಿಸುವುದು. ಮೇಷ್ಟ್ರೂ ಹುಮ್ಮಸ್ಸಿನಿಂದ ಅವರ ಮಾತು ನಾಲ್ಕು ಕಲಿತರು. ಬಳ್ಳಾರಿಯ ಸ್ಪರ್ಧೆಗೆ ಬಸವರಾಜ ಒಬ್ಬನೇ ಹೋಗಿ ಸೋತು ಬಂದ. ಬಂದವನು, "ನಮ್ಮ ಸೀತಕ್ಕ ಇದ್ದಿದ್ರ ಗೆಲ್ತಿದ್ವಿ ಮೇಡಂ. ಆದ್ರ ಆಕಿ ಅಲ್ಲಿ ಇರೋದ ಚೊಲೋ" ಎಂದ. ಆ ಹುಡುಗನಿಗೆ ತಿಳಿದದ್ದು ನನಗಿಂತ ಬೇಗ.

ದೀಪಾವಳಿ ಕಳೆದ ಮೇಲೆ ಸಾಹೇಬರು ಹೇಳಿದಂತೆಯೇ ಬಂದರು. ನನಗೂ ಹೇಳಿ ಕಳಿಸಿದ್ದರು. ನಾನು ಹೋಗುವ ಹೊತ್ತಿಗೆ ಅವರ ಜೀಪು ಶಾಲೆಯ ಮುಂದೆ ನಿಂತಿತ್ತು. ಒಂದೇ ಕೋಣೆ, ನೆಲದ ತುಂಬ ಮಕ್ಕಳು. ಬಾಗಿಲಿನ ಹತ್ತಿರ ಒಂದಿಷ್ಟು ಹೆಂಗಸರು, ಅವರ ನಡುವೆ ಸೀತಾಬಾಯಿಯ ತಾಯಿ. ಸಾಹೇಬರು ಒಬ್ಬ ಹುಡುಗನನ್ನು ಎಬ್ಬಿಸಿ, "ನಿನ್ನ ಹೆಸರೇನು? ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ?" ಎಂದು ಕೇಳಿದರು. ಹುಡುಗ ಸೀತಾಬಾಯಿಯನ್ನು ನೋಡಿದ. ಅವಳು ಅವನ ಮಾತಿನಲ್ಲಿ ಅರ್ಧ ಹೇಳುವುದರೊಳಗೆ ಹುಡುಗ ಕನ್ನಡದಲ್ಲೇ ಹೆಸರು ಹೇಳಿ, "ಅವ್ವ ಅದಾಳ, ಅಜ್ಜಿ ಅದಾಳ, ಎರಡು ಆಡು ಅದಾವ" ಎಂದ. ಆಡುಗಳನ್ನೂ ಮನೆಮಂದಿಯಲ್ಲಿ ಸೇರಿಸಿದ್ದಕ್ಕೆ ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

"ಶಾಲೆ ಇಲ್ಲೇ ಇರಲಿ" ಎಂದರು. ಮೇಷ್ಟ್ರು ಕಣ್ಣೊರೆಸಿಕೊಂಡರು. ಹೊರಡುವಾಗ ಸಾಹೇಬರು ನನ್ನ ಹತ್ತಿರ ಬಂದು, "ಒಳ್ಳೆಯ ತರಬೇತಿ ಕೊಟ್ಟಿದ್ದೀರಿ ಮೇಡಂ. ಇದನ್ನು ಮೇಲಿನವರಿಗೆ ಬರೆಯುತ್ತೇನೆ" ಎಂದರು. ಇದರಲ್ಲಿ ನನ್ನದೇನೂ ಇಲ್ಲ ಎಂದು ಎಲ್ಲರೆದುರು ಹೇಳಬಹುದಾಗಿತ್ತು. ಹೇಳಲಿಲ್ಲ, ಕೈ ಮುಗಿದೆ. ಹೊಸ ಅಧ್ಯಾಪಕಿಯ ಕಿವಿಗೆ ಬಿದ್ದ "ಬಾಳ ಚೊಲೋ" ಬಹುಶಃ ಅಲ್ಲಿಂದ ಹೊರಟದ್ದು.

ಜೀಪು ಹೋಯಿತು. ನಾನು ಕೋಣೆಯ ಹಿಂದೆ ಗೋಡೆಗೆ ಒರಗಿ ನಿಂತೆ. ಸೀತಾಬಾಯಿ ನನ್ನ ಕಡೆ ಕೈ ತೋರಿಸಿ ಮಕ್ಕಳಿಗೆ ಅವರ ಮಾತಿನಲ್ಲಿ ಏನೋ ಹೇಳತೊಡಗಿದಳು. ಮಕ್ಕಳೆಲ್ಲ ಹಿಂತಿರುಗಿ ನನ್ನನ್ನೇ ನೋಡಿದವು. ಒಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೀತಾಬಾಯಿ ಅವಳಿಗೆ ಬೆರಳು ತೋರಿಸಿ ಗದರಿಸುವ ಹಾಗೆ ಇನ್ನೂ ಏನೋ ಹೇಳಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ನಿಯಮದ ಬಗ್ಗೆ ಹೇಳುತ್ತಿದ್ದಾಳೆ, ಅಂದು ನಡೆದದ್ದನ್ನು ಹೇಳುತ್ತಿದ್ದಾಳೆ ಎಂದುಕೊಂಡೆ. ಪಕ್ಕದಲ್ಲಿದ್ದ ಅವಳ ತಾಯಿಯನ್ನು ಕೇಳಿದೆ, "ಏನಂತಾಳವ್ವಾ ನನ್ನ ಬಗ್ಗೆ?"

"ಏನಿಲ್ಲ ಬಿಡ್ರಿ ಅಮ್ಮಾರೆ" ಎಂದು ಅವಳು ಸಂಕೋಚಪಟ್ಟಳು.

"ಇರಲಿ, ಹೇಳವ್ವಾ."

"ಈ ಅಮ್ಮಾರು ನನ್ನ ಟೀಚರು, ಆದ್ರ ಇವರಿಗೆ ನಮ್ಮ ಮಾತು ಬರಂಗಿಲ್ಲ. ಇವತ್ತು ನಿಮ್ಮ ಸಂಗಾಟ ಕುಂತು ಕಲೀತಾರ. ತಪ್ಪು ಅಂದ್ರ ಯಾರೂ ನಗಬ್ಯಾಡ್ರಿ, ಅಂತ ಹೇಳಾಕತ್ತ್ಯಾಳ್ರಿ."

ಸೀತಾಬಾಯಿ ನನ್ನ ತರಗತಿಯಲ್ಲಿ ವರ್ಷಗಳಿಂದ ಕೂತಿದ್ದಳು. ತಾಂಡಾಗಳಿಂದ, ಹಟ್ಟಿಗಳಿಂದ ಬಂದ ಮಕ್ಕಳು ಓದುವಾಗ ತಡವರಿಸಿದರೆ ತರಗತಿ ಘೊಳ್ಳೆಂದು ನಗುತ್ತಿತ್ತು. ಅವಳು ಹೊಸದಾಗಿ ಬಂದಾಗಲೂ ನಕ್ಕಿತ್ತು. ನಗಬೇಡಿ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ಎಷ್ಟೋ ಸಲ ಅವರ ಜೊತೆ ನಾನೂ ನಕ್ಕಿದ್ದೆ.

ಬಾಯಿಗೆ ಕೈ ಹಿಡಿದಿದ್ದ ಹುಡುಗಿ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಬಿಟ್ಟಳು. ಹೋಗಿ ಕೂತೆ. ಸೀತಾಬಾಯಿ ಒಂದು ಮಾತು ಹೇಳಿದಳು, ಮಕ್ಕಳು ಹೇಳಿದವು. ಆಮೇಲೆ ಎಲ್ಲರೂ ನನ್ನ ಮುಖ ನೋಡುತ್ತ ಕಾದರು. ನಾನು ಹೇಳಿದೆ. ತಪ್ಪಾಗಿ ಹೇಳಿದೆ ಎಂದು ನನಗೇ ಗೊತ್ತಾಯಿತು.

ಯಾರೂ ನಗಲಿಲ್ಲ.